ಏನೋ ಶಾಂತಿ ಅಂತ ಇದೆ

ಭಾನುವಾರ ನೋಡಿದ ಒಂದು ಬೆಳ್ಳಿ ಪದಕ ಇನ್ನೂ ಕಣ್ಣ ಮುಂದಿನಿಂದ ಹೋಗಿಲ್ಲ. ಲಂಡನ್‌ನಲ್ಲಿ ಹಳೇ ಸಾಮಾನಿನ ಸಂತೆಗೆ ಆಫೀಸಿನ ಗೆಳತಿ ಜೊತೆ ಸುಮ್ನೆ ಸುತ್ತಾಡಲು ಹೋಗಿದ್ದೆ. ಅವಳ ಊರು ಚೀನಾದ ಗುವಾಂಗ್‌ಝೌ. ಅಂಗಡಿಯ ಅಜ್ಜ ಪದಕವನ್ನು ಬಟ್ಟೆಯಲ್ಲಿ ಒರೆಸಿ ನನ್ನ ಕೈಗಿಟ್ಟರು. ಕಡುಗೆಂಪು ರಿಬ್ಬನ್, ಹಳದಿ ಅಂಚು. ಒಂದು ಕಡೆ ವಿಕ್ಟೋರಿಯಾ ರಾಣಿ. ಇನ್ನೊಂದು ಕಡೆ ಒಂದು ಮರ, ಬುಡದಲ್ಲಿ ಫಿರಂಗಿ, ಲಂಗರು. ಕೆಳಗೆ ‘ಚೈನಾ 1842’. ಮೇಲೆ ಲ್ಯಾಟಿನ್‌ನಲ್ಲಿ ಒಂದು ಸಾಲು.

“ಏನು ಬರೆದಿದೆ ಇಲ್ಲಿ?” ಅಂತ ಕೇಳಿದೆ.

“ಏನೋ ಶಾಂತಿ ಅಂತ ಇದೆ,” ಅಂದರು.

ಒಳ್ಳೆಯ ಮನುಷ್ಯ. ಪದಕವನ್ನು ಮಗುವಿನ ಹಾಗೆ ಹಿಡಿದಿದ್ದರು. ಆದರೂ ಆ ‘ಏನೋ’ ನನ್ನನ್ನು ಬಿಡುತ್ತಿಲ್ಲ. ‘ಆರ್ಮಿಸ್ ಎಕ್ಸ್‌ಪೊಸ್ಕೆರೆ ಪಾಕೆಮ್’. ಆಯುಧ ಹಿಡಿದು ಶಾಂತಿ ಕೇಳುವುದು ಅಂತ ಅರ್ಥ. ಆ ಪದಕ ಅಫೀಮಿನ ಯುದ್ಧದ್ದು. ನಮ್ಮ ದೇಶದಲ್ಲಿ ಬೆಳೆದ ಅಫೀಮು ಕಳ್ಳದಾರಿಯಲ್ಲಿ ಚೀನಾಕ್ಕೆ ಹೋಗುತ್ತಿತ್ತು. 1839ರಲ್ಲಿ ಲಿನ್ ಝೆಕ್ಸು ಎಂಬ ಚೀನೀ ಅಧಿಕಾರಿ 20,000ಕ್ಕೂ ಜಾಸ್ತಿ ಪೆಟ್ಟಿಗೆ ಅಫೀಮನ್ನು ನಾಶ ಮಾಡಿಸಿದರು. ಅದಕ್ಕೇ ಬ್ರಿಟಿಷರ ಯುದ್ಧದ ಹಡಗುಗಳು ಬಂದವು. ಕೊನೆಗೆ ಸಿಕ್ಕ ‘ಶಾಂತಿ’ಗೆ ಚೀನಾ ಹಾಂಗ್‌ಕಾಂಗನ್ನೂ 2.1 ಕೋಟಿ ಬೆಳ್ಳಿ ಡಾಲರನ್ನೂ ಕೊಡಬೇಕಾಯಿತು. ಕೇಳಿ ಪಡೆದದ್ದು ಅಂತಾರಾ ಇದನ್ನು?

ಏನೋ ಶಾಂತಿ ಅಂತ ಇದೆ.

ಗೆಳತಿ ಪದಕ ಮುಟ್ಟಲಿಲ್ಲ. ಇಸವಿ ಓದಿದಳು. ಆಮೇಲೆ, “ನಮ್ಮೂರಲ್ಲಿ ಅವತ್ತು ಜೋರು ಮಳೆ,” ಅಂದಳು. ನಿನ್ನೆ ಮೊನ್ನೆ ತಾನೇ ಒದ್ದೆಯಾದವಳ ಹಾಗೆ.

ಅವಳು ಹೇಳಿದ್ದು ಗುವಾಂಗ್‌ಝೌ ಹತ್ತಿರದ ಸಾನ್‌ಯುವಾನ್‌ಲಿಯ ಕಥೆ. 1841ರ ಮೇ ಕೊನೆ. ಅಲ್ಲಿನ ಹಳ್ಳಿಗಳ ಜನ ಈಟಿ, ಕೊಕ್ಕೆ ಹಿಡಿದು ಬ್ರಿಟಿಷರ ದಂಡನ್ನು ಸುತ್ತುವರಿದರು. ಮಳೆಗೆ ಮದ್ದು ನೆನೆದು ದಂಡಿನ ಬಂದೂಕು ಹಾರಲಿಲ್ಲ. ಒಂದು ತುಕಡಿ ದಾರಿ ತಪ್ಪಿ ಗದ್ದೆಯಲ್ಲಿ ಸಿಕ್ಕಿಕೊಂಡಿತು. ಸುಮಾರು 60 ಜನ. ಯಾರು ಗೊತ್ತಾ? 37ನೇ ಮದ್ರಾಸ್ ನೇಟಿವ್ ಇನ್‌ಫೆಂಟ್ರಿಯ ಸಿಪಾಯಿಗಳು. ನಮ್ಮ ಕಡೆಯವರು.

ಸೈನ್ಯದ ಇಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್ ಕೂಡ ಆ ಯುದ್ಧಕ್ಕೆ ಹೋಗಿದ್ದರು. 1834ರಿಂದ ಅವರ ನೆಲೆ ಬೆಂಗಳೂರು. ನಾನು ಹುಟ್ಟಿ ಬೆಳೆದದ್ದು ಹಲಸೂರಿನಲ್ಲಿ. ಕೆರೆ ಪಕ್ಕದ ಎಂಇಜಿ (ಅದೇ ಸ್ಯಾಪರ್ಸ್ ದಳದ ಈಗಿನ ಹೆಸರು) ಗೇಟಿನ ಮುಂದೆ ಹತ್ತು ವರ್ಷ ಸ್ಕೂಲಿಗೆ ನಡೆದಿದ್ದೇನೆ. ಬ್ಯಾಂಡ್ ಕೇಳಿಸಿದರೆ ನಿಂತು ನೋಡುತ್ತಿದ್ದೆ. ಸೇತುವೆ ಕಟ್ಟುವ ಸೈನಿಕರು ಅಂತ ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದರು. ಆ ಹೆಮ್ಮೆ ನನಗೆ ಇವತ್ತಿಗೂ ಇದೆ. ಆದರೆ ಸಂಬಳಕ್ಕೆ ಸಮುದ್ರ ದಾಟಿದವನು, ಗದ್ದೆ ಕಾಯಲು ಕೊಕ್ಕೆ ಹಿಡಿದವನು, ಇಬ್ಬರೂ ಒಂದೇ ಮಳೆಯಲ್ಲಿ ನೆನೆದರಲ್ಲ, ಯಾರದೋ ಅಫೀಮಿಗಾಗಿ. ಸಂಕಟ ಆಗುತ್ತದೆ.

ವಾಪಸ್ ಬರುವಾಗ ಬಸ್‌ಸ್ಟಾಪಿನಲ್ಲಿ ಅವಳು ಕೇಳಿದಳು, “ನಿಮ್ಮ ಮನೆ ಬೆಂಗಳೂರಲ್ಲಿ ಎಲ್ಲಿ?”

“ಹಲಸೂರು, ಕೆರೆ ಹತ್ತಿರ,” ಅಂದೆ. ಅಷ್ಟೇ ಹೇಳಿದೆ. ಗೇಟಿನ ವಿಷಯ ಸೋಮವಾರ ಊಟಕ್ಕೆ ಕೂತಾಗ ಹೇಳಬೇಕು ಅಂದುಕೊಂಡೆ. ಇವತ್ತು ಗುರುವಾರ. ಇನ್ನೂ ಹೇಳಿಲ್ಲ.