ಕೆಂಪು ಗೆರೆಯ ಆಚೆ

“ಅಕ್ಕೋರೇ, ಅಲ್ಲಿ ಖಾಲಿ ಇತ್ತು.” ತಂಗಿಯ ಮಗ ತಲೆ ತಗ್ಗಿಸಿ ಹೇಳಿದ ಈ ಮಾತು ಬುಧವಾರದಿಂದ ನನ್ನ ಕಿವಿಯಲ್ಲೇ ಇದೆ. ತಂಗಿಗೆ ಬಿಡುವಿಲ್ಲದ ಕಾರಣ ಶಿರಸಿಯ ಅವನ ಶಾಲೆಗೆ ನಾನು ಹೋಗಿದ್ದೆ. ವಿಜ್ಞಾನದ ನೋಟ್‌ಬುಕ್ಕಿನ ಅಂಚಿನಲ್ಲಿ ಚಿತ್ರ ಬಿಡಿಸಿದ್ದಕ್ಕೆ, ಆ ಹಾಳೆಯನ್ನು ತೆಗೆದು ಪಾಠವನ್ನು ಹೊಸದಾಗಿ ಬರೆಯಬೇಕೆಂದು ಅಕ್ಕೋರು ಹೇಳಿದರು. ಅವರು ಶ್ರದ್ಧೆಯಿಂದ ಕಲಿಸುವವರು. ಆದರೆ ಚಿತ್ರವನ್ನು ನೋಡಲೇ ಇಲ್ಲವೆಂಬುದು ನನ್ನ ನೋವು.

ಅಂಚಿನ ಉದ್ದಕ್ಕೂ ಒಂದು ಅಡಿಕೆ ಮರ. ತುದಿಯಲ್ಲಿ ಅಡಿಕೆ ಗೊನೆ ಕೊಯ್ಯುವ ಕೊನೆಗೌಡ. ಅವನು ಬಿಟ್ಟ ಗೊನೆ ಹಗ್ಗದ ಮೇಲೆ ಜಾರಿ ಬರುವಾಗ ನಡುವೆಯೇ ಒಂದು ಮಂಗ ಅದನ್ನು ಎತ್ತಿಕೊಂಡಿದೆ. ಕೆಳಗೆ ಹಗ್ಗ ಹಿಡಿದವನು ಬಾಯಿ ತೆರೆದು ಮೇಲೆ ನೋಡುತ್ತಿದ್ದಾನೆ. ಒಂದಕ್ಷರವೂ ಇಲ್ಲ. ಎರಡು ಬೆರಳಿನ ಆ ಜಾಗ ಅಡಿಕೆ ಮರಕ್ಕೆಂದೇ ಬಿಟ್ಟಂತಿತ್ತು.

ನನಗೆ ನೆನಪಾದವರು ವ್ಯಂಗ್ಯಚಿತ್ರಕಾರ ಸರ್ಜಿಯೋ ಅರಗೋನೆಸ್. 1937ರಲ್ಲಿ ಸ್ಪೇನಿನಲ್ಲಿ ಹುಟ್ಟಿ, ಅಲ್ಲಿನ ಅಂತರ್ಯುದ್ಧದಿಂದಾಗಿ ಊರು ಬಿಟ್ಟ ಕುಟುಂಬದೊಂದಿಗೆ ಮೆಕ್ಸಿಕೋದಲ್ಲಿ ಬೆಳೆದ ಅವರು ಬಾಲ್ಯದಲ್ಲಿ ಸಹಪಾಠಿಗಳ ಮನೆಗೆಲಸದ ಚಿತ್ರಗಳನ್ನು ಬರೆದುಕೊಟ್ಟು ಪುಡಿಗಾಸು ಸಂಪಾದಿಸುತ್ತಿದ್ದರು. ವಾಸ್ತುಶಿಲ್ಪದ ಜೊತೆಗೆ ಮೂಕಾಭಿನಯವನ್ನೂ ಕಲಿತರು. ಅವರ ಗೆರೆಗಳಲ್ಲಿ ಮೈಯೇ ಮಾತಾಡುವುದು ಅದರಿಂದಲೇ ಎಂದು ನಾನು ನಂಬಿದ್ದೇನೆ. 1962ರಲ್ಲಿ ನ್ಯೂಯಾರ್ಕಿಗೆ ಬಂದಾಗ ಇಂಗ್ಲಿಷ್ ಅಷ್ಟಕ್ಕಷ್ಟೇ. ಅಲ್ಲಿನ ಹಾಸ್ಯಪತ್ರಿಕೆ ‘ಮ್ಯಾಡ್’ನ ಕಚೇರಿಯಲ್ಲಿ, ಕ್ಯೂಬಾದಿಂದ ಬಂದಿದ್ದ ಚಿತ್ರಕಾರ ಆಂಟೋನಿಯೋ ಪ್ರೊಹಿಯಾಸ್ ದುಭಾಷಿಯಾಗಿ ನೆರವಾಗಬಹುದೆಂದು ಆಶಿಸಿದ್ದರೆ, ಆ ಮನುಷ್ಯನಿಗೆ ಇವರಿಗಿಂತಲೂ ಕಡಿಮೆ ಇಂಗ್ಲಿಷ್ ಬರುತ್ತಿತ್ತು.

ಆದರೂ 1963ರಿಂದ ಆ ಪತ್ರಿಕೆಯ ಪುಟಗಳ ಅಂಚಿನಲ್ಲಿ, ಲೇಖನ ಬಿಟ್ಟು ಉಳಿದ ಬಿಳಿಯ ಜಾಗದಲ್ಲಿ, ಮಾತಿಲ್ಲದ ಪುಟ್ಟ ನಗೆಚಿತ್ರಗಳನ್ನು ಅವರು ದಶಕಗಟ್ಟಲೆ ಬಿಡಿಸಿದರು. ಮುಂದೆ ಲೇಖಕ ಮಾರ್ಕ್ ಇವಾನಿಯರ್ ಜೊತೆಗೂಡಿ ಪೆದ್ದ ಕತ್ತಿವೀರ ‘ಗ್ರೂ’ನ ಕಾಮಿಕ್ಸ್ ಮಾಡಿದರು. ಅಮೆರಿಕದಲ್ಲಿ ವ್ಯಂಗ್ಯಚಿತ್ರಕಾರರಿಗೆ ಕೊಡುವ ರೂಬೆನ್ ಪ್ರಶಸ್ತಿಯೂ 1996ರ ಸಾಲಿಗೆ ಬಂತು. ಆದರೆ ನನಗೆ ಆ ಅಂಚಿನ ಚಿತ್ರಗಳೇ ದೊಡ್ಡವು. ಯಾರೂ ಕೇಳದ, ಯಾರಿಗೂ ಬೇಡವಾದ ಜಾಗವನ್ನು ಕಂಡು ಅಲ್ಲಿ ಇಡೀ ಕಥೆಯೊಂದನ್ನು ಕೂರಿಸುವ ಕಣ್ಣು ಎಲ್ಲರಿಗೂ ಇರುವುದಿಲ್ಲ. ಇದ್ದವರನ್ನು ನಾವು ಗದರಿಸಿ ಕೂರಿಸುತ್ತೇವೆ.

ರಾತ್ರಿ ಹುಡುಗ ಪಾಠವನ್ನು ಪೂರ್ತಿ ಮತ್ತೆ ಬರೆದ. ಈ ಸಲ ಅಂಚನ್ನು ಖಾಲಿ ಬಿಟ್ಟಿದ್ದ. ತೆಗೆದ ಹಾಳೆಯನ್ನು ನಾನು ದೀಪದ ಕೆಳಗೆ ಹಿಡಿದು ನೋಡಿದೆ. ಮಂಗನ ಬಾಲ ಕೆಂಪು ಗೆರೆಯವರೆಗೆ ಬಂದು, ಅದನ್ನು ಮುಟ್ಟದೆ, ಸುರುಳಿಯಾಗಿ ಹಿಂದಕ್ಕೆ ಹೊರಳಿತ್ತು. ಪಾಠದ ಕಡೆಗೆ ಒಂದು ಗೆರೆಯೂ ದಾಟಿರಲಿಲ್ಲ. ಸೋಮವಾರ ಆ ಹಾಳೆಯನ್ನು ಅಕ್ಕೋರಿಗೆ ತೋರಿಸಲು ಒಯ್ಯುತ್ತೇನೆ.