ಕ್ಲಿಕ್ಕು ಯಾರ ಅಳತೆ, ಕನ್ವರ್ಷನ್ ಯಾರ ಅಳತೆ

ಸರ್ಚ್ ಜಾಹೀರಾತಿನ ವರದಿಯನ್ನು ತೆರೆದಾಗ ಬಹುತೇಕರ ಕಣ್ಣು ಮೊದಲು ಹೋಗುವುದು ಕ್ಲಿಕ್-ಥ್ರೂ ರೇಟ್, ಅಂದರೆ ಸಿಟಿಆರ್ ಎಂಬ ಅಂಕಣಕ್ಕೆ. ಜಾಹೀರಾತು ಕಾಣಿಸಿಕೊಂಡ ಸಲಗಳಲ್ಲಿ ಶೇಕಡಾ ಎಷ್ಟು ಸಲ ಅದರ ಮೇಲೆ ಕ್ಲಿಕ್ ಬಿತ್ತು ಎಂಬುದನ್ನು ತಿಳಿಸುವ ಈ ಸಂಖ್ಯೆ ಏರಿದರೆ ಕೆಲಸ ಚೆನ್ನಾಗಿ ನಡೆಯುತ್ತಿದೆಯೆಂದೂ, ಇಳಿದರೆ ಜಾಹೀರಾತಿನ ಬರವಣಿಗೆ ಸೋತಿದೆಯೆಂದೂ ತೀರ್ಮಾನಿಸುವ ರೂಢಿ ಬಲವಾಗಿ ಬೇರೂರಿದೆ. ನನಗೆ ಈ ರೂಢಿ ಒಪ್ಪಿಗೆಯಾಗುವುದಿಲ್ಲ. ಸಿಟಿಆರ್ ಮೂಲತಃ ಸರ್ಚ್ ಎಂಜಿನ್ನಿನ ಅಳತೆ; ಹಣ ಕೊಡುವವನ ಅಳತೆ ಕನ್ವರ್ಷನ್, ಅಂದರೆ ಕ್ಲಿಕ್ ಮಾಡಿ ಬಂದವರು ಖರೀದಿಯನ್ನೋ ನೋಂದಣಿಯನ್ನೋ ವಿಚಾರಣೆಯನ್ನೋ ಪೂರೈಸುವುದು. ಇವೆರಡೂ ಒಂದೇ ದಿಕ್ಕಿಗೆ ಸಾಗಲೇಬೇಕೆಂಬ ನಿಯಮವೇನೂ ಇಲ್ಲ.

ಸಿಟಿಆರ್‌ಗೆ ಇಷ್ಟು ಮಹತ್ವ ಬಂದದ್ದು ಜಾಹೀರಾತಿನ ಸ್ಥಾನವನ್ನು ನಿರ್ಧರಿಸುವ ಹರಾಜಿನ ಲೆಕ್ಕದಿಂದ. ಬಿಲ್ ಗ್ರಾಸ್ ಆರಂಭಿಸಿದ ಗೋಟು ಡಾಟ್ ಕಾಮ್ ಎಂಬ ಸರ್ಚ್ ಎಂಜಿನ್ 1998ರಲ್ಲಿ ಕ್ಲಿಕ್ಕಿಗೆ ಹಣ ಪಡೆಯುವ ಹರಾಜನ್ನು ಜಾರಿಗೆ ತಂದಾಗ ಹೆಚ್ಚು ಬಿಡ್ (ಕ್ಲಿಕ್ಕಿಗೆ ಕೊಡಲು ಸಿದ್ಧವಿರುವ ದರ) ಕೂಗಿದವನಿಗೆ ಮೇಲಿನ ಸ್ಥಾನ ಸಿಗುತ್ತಿತ್ತು. 2000ದಲ್ಲಿ ಆರಂಭವಾದ ಗೂಗಲ್ ಆಡ್‌ವರ್ಡ್ಸ್ ಮೊದಲಿಗೆ ಜಾಹೀರಾತು ಕಾಣಿಸಿಕೊಂಡ ಸಲಗಳಿಗೆ ಶುಲ್ಕ ವಿಧಿಸುತ್ತಿತ್ತು. 2002ರಲ್ಲಿ ಅದು ಕ್ಲಿಕ್ಕಿನ ಹರಾಜಿಗೆ ಬಂದಾಗ ಬಿಡ್ಡನ್ನು ಮಾತ್ರವಲ್ಲದೆ ಸಿಟಿಆರನ್ನೂ ಸ್ಥಾನ ನಿರ್ಣಯಕ್ಕೆ ಸೇರಿಸಿಕೊಂಡಿತು. ಇದರ ಹಿಂದಿನ ತರ್ಕ ಸರಳವಾಗಿದೆ. ಕೂಗಿದಷ್ಟನ್ನೇ ಪಾವತಿಸುತ್ತಾರೆಂದು ಇಟ್ಟುಕೊಂಡರೆ, ಕ್ಲಿಕ್ಕಿಗೆ 20 ಕೊಡಲು ಸಿದ್ಧನಿರುವವನ ಜಾಹೀರಾತಿಗೆ ಶೇಕಡಾ 1ರಷ್ಟು ಕ್ಲಿಕ್ ಬಿದ್ದಾಗ 1000 ಇಂಪ್ರೆಷನ್‌ಗಳಿಂದ (ಅಂದರೆ 1000 ಸಲ ಕಾಣಿಸಿಕೊಂಡದ್ದರಿಂದ) ಎಂಜಿನ್ನಿಗೆ ದೊರೆಯುವುದು 200. ಕೇವಲ 8 ಕೂಗಿದವನ ಜಾಹೀರಾತಿಗೆ ಶೇಕಡಾ 4ರಷ್ಟು ಕ್ಲಿಕ್ ಬಿದ್ದರೆ ದೊರೆಯುವುದು 320. (ನಾಣ್ಯ ಯಾವುದಾದರೂ ಸರಿ, ಲೆಕ್ಕ ಬದಲಾಗುವುದಿಲ್ಲ.) ಜಾಗ ಮಾರುವವನಿಗೆ ಎರಡನೆಯವನೇ ಲಾಭದಾಯಕ. ಹುಡುಕುವವನಿಗೂ ತನಗೆ ಬೇಕಾದದ್ದು ಕಣ್ಣಿಗೆ ಬೀಳುವ ಸಂಭವ ಹೆಚ್ಚುತ್ತದೆ ಎಂಬುದು ನಿಜ. ಆದರೆ ಕ್ಲಿಕ್ಕಿನ ನಂತರ ಜಾಹೀರಾತುದಾರನಿಗೆ ಏನು ದಕ್ಕಿತು ಎಂಬುದು ಈ ಗುಣಾಕಾರದಲ್ಲಿ ಎಲ್ಲಿಯೂ ಬರುವುದಿಲ್ಲ.

2005ರಲ್ಲಿ ಗೂಗಲ್ ತಂದ ಕ್ವಾಲಿಟಿ ಸ್ಕೋರ್, ಅಂದರೆ ಜಾಹೀರಾತಿನ ಗುಣಮಟ್ಟದ ಅಂಕ, ಈ ವ್ಯವಸ್ಥೆಯನ್ನು ವಿಸ್ತರಿಸಿತು. ಈಗ 1ರಿಂದ 10ರವರೆಗಿನ ಅಂಕವಾಗಿ ತೋರುವ ಇದರಲ್ಲಿ ನಿರೀಕ್ಷಿತ ಸಿಟಿಆರ್, ಹುಡುಕಾಟಕ್ಕೂ ಜಾಹೀರಾತಿಗೂ ಇರುವ ಸಂಬಂಧ, ಮತ್ತು ಲ್ಯಾಂಡಿಂಗ್ ಪೇಜಿನ (ಕ್ಲಿಕ್ ಮಾಡಿದಾಗ ತೆರೆಯುವ ಪುಟದ) ಅನುಭವ ಎಂಬ ಮೂರು ಭಾಗಗಳಿವೆ. ಹರಾಜಿನ ಕ್ಷಣದಲ್ಲಿ ಎಂಜಿನ್ ಅಂದಾಜಿಸುವ ಗುಣಮಟ್ಟ ಕಡಿಮೆಯಿದ್ದರೆ ಅದೇ ಸ್ಥಾನಕ್ಕೆ ಹೆಚ್ಚು ಹಣ ತೆರಬೇಕಾಗುತ್ತದೆ, ಇಲ್ಲವೇ ಕೆಳಗಿನ ಸ್ಥಾನಕ್ಕೆ ಇಳಿಯಬೇಕಾಗುತ್ತದೆ. ಆದ್ದರಿಂದ ಸಿಟಿಆರನ್ನು ಪೂರ್ತಿಯಾಗಿ ಕಡೆಗಣಿಸಿ ಎಂಬ ಸಲಹೆಯೂ ಸರಿಯಲ್ಲ. ಅದು ನಮ್ಮ ಖರ್ಚಿನ ಒಂದು ಅಂಶ, ನಮ್ಮ ಗಳಿಕೆಯ ಅಂಶವಲ್ಲ.

ಒಂದು ಕಾಲ್ಪನಿಕ ಉದಾಹರಣೆಯನ್ನು ಕೊನೆಯವರೆಗೂ ಲೆಕ್ಕ ಹಾಕಿ ನೋಡೋಣ. ದೊಡ್ಡ ಸಂಸ್ಥೆಗಳಿಗೆ ಸಂಬಳದ ಲೆಕ್ಕವನ್ನು ನಿರ್ವಹಿಸುವ ಸಾಫ್ಟ್‌ವೇರನ್ನು ಮಾರುವವರೊಬ್ಬರು ಇದ್ದಾರೆನ್ನಿ. ಅವರು ಜಾಹೀರಾತಿಗೆ ಆರಿಸಿಕೊಂಡ ಕೀವರ್ಡನ್ನು, ಅಂದರೆ ಹುಡುಕಾಟದ ಪದವನ್ನು, ಹುಡುಕುವವರಲ್ಲಿ ಕೊಳ್ಳಬಯಸುವವರಷ್ಟೇ ಅಲ್ಲ, ಪ್ರಬಂಧ ಬರೆಯುವ ವಿದ್ಯಾರ್ಥಿಗಳೂ, ಉಚಿತ ಮಾದರಿ ಹಾಳೆಯನ್ನು ಬಯಸುವವರೂ, ಇಬ್ಬರೇ ನೌಕರರಿರುವ ಅಂಗಡಿಯವರೂ ಇರುತ್ತಾರೆ. ಮೊದಲ ಜಾಹೀರಾತು 'ಸಂಬಳದ ಲೆಕ್ಕ ಇನ್ನು ಸುಲಭ, ಈಗಲೇ ನೋಡಿ' ಎಂದು ಎಲ್ಲರನ್ನೂ ಕರೆಯುತ್ತದೆ. ಎರಡನೆಯದು '200ಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ, ವಾರ್ಷಿಕ ಶುಲ್ಕದ ಮೇಲೆ' ಎಂದು ಬಾಗಿಲಲ್ಲೇ ಹೇಳಿಬಿಡುತ್ತದೆ. ಎರಡೂ ತಲಾ 10,000 ಸಲ ಕಾಣಿಸಿಕೊಂಡಿವೆ ಎಂದುಕೊಳ್ಳೋಣ. ಮೊದಲನೆಯದಕ್ಕೆ 600 ಕ್ಲಿಕ್, ಅವುಗಳಿಂದ 12 ಗ್ರಾಹಕರು. ಎರಡನೆಯದಕ್ಕೆ 250 ಕ್ಲಿಕ್, 10 ಗ್ರಾಹಕರು. ಸಿಟಿಆರ್ ಶೇಕಡಾ 6ರಿಂದ 2.5ಕ್ಕೆ ಕುಸಿದಿದೆ, ಕನ್ವರ್ಷನ್ ರೇಟ್ (ಕ್ಲಿಕ್ಕುಗಳಲ್ಲಿ ಕನ್ವರ್ಷನ್ ಆದವುಗಳ ಪ್ರಮಾಣ) ಶೇಕಡಾ 2ರಿಂದ 4ಕ್ಕೆ ಏರಿದೆ.

ಕ್ಲಿಕ್ಕಿಗೆ 10ರಂತೆ ಮೊದಲನೆಯದರ ಖರ್ಚು 6000. ಒಬ್ಬ ಗ್ರಾಹಕನಿಗೆ 500 ಬಿತ್ತು. ಎರಡನೆಯದಕ್ಕೆ ಸಿಟಿಆರ್ ಕಡಿಮೆಯಾದ ದಂಡವಾಗಿ ಕ್ಲಿಕ್ಕಿನ ದರ 14ಕ್ಕೆ ಏರಿತೆಂದು ಭಾವಿಸಿದರೂ ಒಟ್ಟು ಖರ್ಚು 3500, ಒಬ್ಬ ಗ್ರಾಹಕನಿಗೆ 350. ಇಲ್ಲಿಗೆ ನಿಲ್ಲಿಸಿ ಎರಡನೆಯದೇ ಮೇಲು ಎಂದುಬಿಡುವವರು ಬಹಳ. ಆದರೆ ಮೊದಲ ಜಾಹೀರಾತು ಇಬ್ಬರು ಗ್ರಾಹಕರನ್ನು ಹೆಚ್ಚಾಗಿ ತಂದಿದೆ ಎಂಬುದನ್ನು ಮರೆಯಬಾರದು. ಆ ಇಬ್ಬರಿಗಾಗಿ ತೆತ್ತ ಹೆಚ್ಚುವರಿ ಹಣ 2500, ಅಂದರೆ ತಲಾ 1250. ಒಬ್ಬ ಗ್ರಾಹಕನಿಂದ ಬರುವ ಲಾಭ 1000 ಆಗಿದ್ದರೆ, ಜಾಹೀರಾತಿನ ಖರ್ಚನ್ನು ಕಳೆದು ಮೊದಲನೆಯದು 6000ವನ್ನೂ ಎರಡನೆಯದು 6500ನ್ನೂ ಉಳಿಸುತ್ತದೆ. ಅದೇ ಲಾಭ 2000 ಆಗಿದ್ದರೆ ಮೊದಲನೆಯದು 18,000, ಎರಡನೆಯದು 16,500. ಗೆಲುವು ತಿರುಗಿಬಿತ್ತು, ಅದೂ ವರದಿಯಲ್ಲಿ ಒಂದೇ ಒಂದು ಶೇಕಡಾವಾರು ಬದಲಾಗದೆ! ಯಾವ ಜಾಹೀರಾತು ಒಳ್ಳೆಯದು ಎಂಬುದನ್ನು ಸಿಟಿಆರ್ ಹೇಳದು, ಕನ್ವರ್ಷನ್ ರೇಟೂ ಒಂಟಿಯಾಗಿ ಹೇಳದು. ಒಬ್ಬ ಗ್ರಾಹಕನ ಬೆಲೆ ಎಷ್ಟೆಂಬ, ಜಾಹೀರಾತು ವ್ಯವಸ್ಥೆಯ ಹೊರಗಿರುವ ಸಂಖ್ಯೆಯೊಂದನ್ನು ಕೈಯಲ್ಲಿ ಹಿಡಿದುಕೊಂಡೇ ವರದಿಯ ಮುಂದೆ ಕೂರಬೇಕಾಗುತ್ತದೆ. ಆ ಸಂಖ್ಯೆಯನ್ನು ಕೇಳಿದಾಗ ಉತ್ತರವಿಲ್ಲದ ವ್ಯಾಪಾರಗಳೇ ಹೆಚ್ಚು ಎಂಬುದು ಬೇರೆ ಮಾತು.

ಈ ಲೆಕ್ಕವೂ ಒಂದು ಪೊಳ್ಳು ನೆಲದ ಮೇಲೆ ನಿಂತಿದೆ. 600 ಮತ್ತು 250 ಕ್ಲಿಕ್ಕುಗಳ ನಡುವಿನ ಅಂತರ ಆಕಸ್ಮಿಕವಲ್ಲವೆಂದು ಧೈರ್ಯವಾಗಿ ಹೇಳಬಹುದು. 12 ಮತ್ತು 10ರ ನಡುವಿನ ಅಂತರದ ಬಗ್ಗೆ ಹಾಗೆ ಹೇಳಲಾಗದು. ಇಂತಹ ಸಣ್ಣ ಎಣಿಕೆಗಳಲ್ಲಿ ಸಹಜ ಏರಿಳಿತವು ಸರಿಸುಮಾರು ಆ ಸಂಖ್ಯೆಯ ವರ್ಗಮೂಲದಷ್ಟಿರುವುದರಿಂದ, ಅದೇ ಜಾಹೀರಾತನ್ನು ಅದೇ ಪರಿಸ್ಥಿತಿಯಲ್ಲಿ ಇನ್ನೊಮ್ಮೆ ಓಡಿಸಿದಾಗ 10ರ ಬದಲು 6 ಅಥವಾ 15 ಬಂದರೂ ಅಚ್ಚರಿಪಡಬೇಕಿಲ್ಲ. ಶೇಕಡಾ 2 ಮತ್ತು 4ರ ನಡುವಿನ, ನೋಡಲು ಇಮ್ಮಡಿಯೆನಿಸುವ ವ್ಯತ್ಯಾಸ ಕೂಡ ಇಷ್ಟು ಕಡಿಮೆ ಮಾಹಿತಿಯಲ್ಲಿ ಸಂಖ್ಯಾಶಾಸ್ತ್ರದ ಸಾಮಾನ್ಯ ಪರೀಕ್ಷೆಯನ್ನು ದಾಟುವುದಿಲ್ಲ. ಜನ ಸಿಟಿಆರ್‌ಗೆ ಮರುಳಾಗುವುದಕ್ಕೆ ನಿಜವಾದ ಕಾರಣ ಇದೇ ಇರಬೇಕು: ಕೆಲವೇ ದಿನಗಳಲ್ಲಿ ಅದು ಖಚಿತವಾಗಿ ಮಾತನಾಡತೊಡಗುತ್ತದೆ, ಕನ್ವರ್ಷನ್ ಮಾತ್ರ ತಿಂಗಳುಗಟ್ಟಲೆ ತೊದಲುತ್ತಿರುತ್ತದೆ.

ತಡವಾಗುವುದಕ್ಕೆ ಇನ್ನೊಂದು ಕಾರಣವೂ ಉಂಟು. ಇಂದು ಕ್ಲಿಕ್ ಮಾಡಿದವನು ಎರಡು ವಾರ ಯೋಚಿಸಿ ಖರೀದಿಸಿದರೆ ಗೂಗಲ್ ಆಡ್ಸ್‌ನ (ಆಡ್‌ವರ್ಡ್ಸ್‌ನ ಈಗಿನ ಹೆಸರು) ಸಾಮಾನ್ಯ ಅಂಕಣವು ಆ ಕನ್ವರ್ಷನ್ನನ್ನು ಕ್ಲಿಕ್ ಆದ ದಿನಾಂಕಕ್ಕೇ ಬರೆದುಕೊಳ್ಳುತ್ತದೆ. ಕ್ಲಿಕ್ಕಿನ ನಂತರ ಎಣಿಕೆಗೆ ಕಾಯುವ ಅವಧಿ, ನಾವು ಬದಲಾಯಿಸದಿದ್ದರೆ, 30 ದಿನ. ಹೀಗಾಗಿ ಕಳೆದ ವಾರದ ಫಲಿತಾಂಶ ಸದಾ ನಿಜಕ್ಕಿಂತ ಬಡವಾಗಿಯೇ ಕಾಣುತ್ತದೆ, ಮತ್ತು ಅದನ್ನು ನೋಡಿ ಗಾಬರಿಯಿಂದ ಬಿಡ್ ಇಳಿಸುವವರು ಇನ್ನೂ ಹಣ್ಣಾಗದ ಮಾಹಿತಿಯ ಮೇಲೆ ನಿರ್ಧಾರ ಕೈಗೊಳ್ಳುತ್ತಿರುತ್ತಾರೆ.

ಕನ್ವರ್ಷನ್ ಎಂದು ಯಾವುದನ್ನು ಕರೆಯಬೇಕೆಂಬುದನ್ನು ನಿರ್ಧರಿಸುವವರು ನಾವೇ, ಮತ್ತು ಬಿಡ್ಡುಗಳನ್ನು ಯಂತ್ರವೇ ನಿಗದಿ ಮಾಡುವ ಈ ಕಾಲದಲ್ಲಿ ಆ ನಿರ್ಧಾರದ ತೂಕ ಹೆಚ್ಚಿದೆ. ನಿಗದಿತ ವೆಚ್ಚದಲ್ಲಿ ಹೆಚ್ಚು ಕನ್ವರ್ಷನ್ ತಾ ಎಂದು ಆದೇಶಿಸಿ ಅರ್ಜಿ ತುಂಬುವುದನ್ನೇ ಕನ್ವರ್ಷನ್ ಎಂದು ಗುರುತು ಮಾಡಿದರೆ, ಯಂತ್ರವು ಅರ್ಜಿ ತುಂಬುವ ಜನರನ್ನೇ ಹುಡುಕಿ ತರುತ್ತದೆ. ಅವರು ಕೊಳ್ಳುವವರೋ ಅಲ್ಲವೋ ಎಂಬುದು ಅದಕ್ಕೆ ತಿಳಿದಿಲ್ಲ. ಕ್ಲಿಕ್ಕಿನೊಂದಿಗೆ ಬರುವ ಗುರುತಿನ ಸಂಖ್ಯೆಯನ್ನು ಉಳಿಸಿಟ್ಟುಕೊಂಡು, ವ್ಯವಹಾರ ಮುಗಿದ ಮೇಲೆ ಅದನ್ನು ವ್ಯವಸ್ಥೆಗೆ ಮರಳಿ ತಿಳಿಸುವುದು ಬೇಸರದ ಕೆಲಸವಾದರೂ, ಹತ್ತು ಹೊಸ ಶೀರ್ಷಿಕೆಗಳನ್ನು ಬರೆಯುವುದಕ್ಕಿಂತ ಉಪಯುಕ್ತವೆಂದು ನಾನು ಭಾವಿಸುತ್ತೇನೆ.

ಇಷ್ಟೆಲ್ಲ ಸರಿಪಡಿಸಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಜಾಹೀರಾತು ಇಲ್ಲದಿದ್ದರೆ ಈ ಗ್ರಾಹಕ ಬರುತ್ತಲೇ ಇರಲಿಲ್ಲವೇ? ಸಂಸ್ಥೆಯ ಸ್ವಂತ ಹೆಸರನ್ನೇ ಕೀವರ್ಡ್ ಆಗಿ ಕೊಂಡಾಗ ಸಿಟಿಆರೂ ಕನ್ವರ್ಷನ್ ರೇಟೂ ಸಾಮಾನ್ಯವಾಗಿ ಖಾತೆಯ ಉಳಿದೆಲ್ಲ ಕೀವರ್ಡ್‌ಗಳನ್ನು ಮೀರಿಸಿ ನಿಲ್ಲುತ್ತವೆ. ಆನ್‌ಲೈನ್ ಮಾರುಕಟ್ಟೆಯಾದ ಇಬೇ ಸಂಸ್ಥೆ 2012ರಲ್ಲಿ ಕೆಲವು ಸರ್ಚ್ ಎಂಜಿನ್‌ಗಳಲ್ಲಿ ತನ್ನ ಹೆಸರಿನ ಮೇಲಿನ ಜಾಹೀರಾತನ್ನು ನಿಲ್ಲಿಸಿ ನೋಡಿತು; 2015ರಲ್ಲಿ ಎಕನಾಮೆಟ್ರಿಕಾ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಕೈತಪ್ಪಬೇಕಿದ್ದ ಕ್ಲಿಕ್ಕುಗಳಲ್ಲಿ ಬಹುತೇಕ ಎಲ್ಲವೂ ಹಣವಿಲ್ಲದ ಸಹಜ ಫಲಿತಾಂಶಗಳ ಮೂಲಕ ಬಂದು ಸೇರಿದವು. ಅಷ್ಟು ಪ್ರಸಿದ್ಧವಲ್ಲದ, ಪ್ರತಿಸ್ಪರ್ಧಿಗಳು ತನ್ನ ಹೆಸರಿನ ಮೇಲೆಯೇ ಬಿಡ್ ಹಾಕುತ್ತಿರುವ ಸಂಸ್ಥೆಗೆ ಇದೇ ಫಲಿತಾಂಶ ಬರಬೇಕೆಂದಿಲ್ಲ. ಆದರೆ ಸ್ವಂತ ಹೆಸರಿನ ಕ್ಯಾಂಪೇನನ್ನು ಉಳಿದವುಗಳೊಂದಿಗೆ ಬೆರೆಸಿ ಖಾತೆಯ ಸರಾಸರಿಯನ್ನು ತೋರಿಸುವ ವರದಿಯನ್ನು ನಾನು ಓದಲು ಒಪ್ಪುವುದಿಲ್ಲ. ಅದನ್ನು ಬೇರ್ಪಡಿಸಿ ಕಳುಹಿಸಿ ಎಂದು ಹಿಂತಿರುಗಿಸುತ್ತೇನೆ.