ನಿಮ್ಮ ಕರ್ನಲ್ ನೀವೇ ಯಾಕೆ ಬಿಲ್ಡ್ ಮಾಡ್ಕೋತೀರಿ?

"ಉಬುಂಟು ಜೊತೆ ಬರೋ ಕರ್ನಲ್ ಚೆನ್ನಾಗೇ ಇದೆಯಲ್ಲ, ಕೂತ್ಕೊಂಡು ಕಂಪೈಲ್ ಯಾಕೆ ಮಾಡ್ತೀರಿ? ಲ್ಯಾಪ್‌ಟಾಪ್ ಫಾಸ್ಟ್ ಆಗುತ್ತಾ?" ನಾನು ಲಿನಕ್ಸ್ ಬಳಸುತ್ತೇನೆ ಅಂತ ಗೊತ್ತಿರುವವರೆಲ್ಲ ಇದನ್ನು ಕೇಳುತ್ತಾರೆ. ಕರ್ನಲ್ ಅಂದರೆ ಹಾರ್ಡ್‌ವೇರ್ ಮತ್ತು ಉಳಿದ ಸಾಫ್ಟ್‌ವೇರ್ ಮಧ್ಯೆ ನಿಂತು ಕೆಲಸ ನಡೆಸುವ ತಿರುಳು; ಲಿನಕ್ಸ್ ಅಂಥದ್ದೊಂದು, ಉಬುಂಟು ಅದರ ಮೇಲೆ ಕಟ್ಟಿದ ಆಪರೇಟಿಂಗ್ ಸಿಸ್ಟಮ್. ಕಂಪೈಲ್, ಬಿಲ್ಡ್ ಅಂದರೆ ಸೋರ್ಸ್ ಕೋಡ್‌ನಿಂದ ಅದನ್ನು ಕಟ್ಟಿಕೊಳ್ಳುವುದು.

ಫಾಸ್ಟ್ ಆಗುವುದಿಲ್ಲ. ಆದರೂ ಗೊತ್ತಾಗುವಷ್ಟಲ್ಲ. ಅಷ್ಟಕ್ಕೇ ಆದರೆ ಸುಮ್ನೆ ಬಿಟ್ಟುಬಿಡಿ.

ನನಗೆ ಇದು ಬೇಕಾಗಿದ್ದು ಟಚ್‌ಪ್ಯಾಡ್ ಕೈಕೊಟ್ಟಾಗ. ಹಳೇ ಕರ್ನಲ್‌ನಲ್ಲಿ ಬೂಟ್ ಮಾಡಿದರೆ ಸರಿ ಇತ್ತು, ಹೊಸದರಲ್ಲಿ ಅಲ್ಲಾಡುತ್ತಲೇ ಇರಲಿಲ್ಲ. ಒಂದು ಆವೃತ್ತಿಯಿಂದ ಮುಂದಿನದಕ್ಕೆ ಹತ್ತು ಸಾವಿರಕ್ಕೂ ಜಾಸ್ತಿ ಬದಲಾವಣೆ ಇರುತ್ತವೆ, ಅದರಲ್ಲಿ ತಪ್ಪು ಯಾವುದು ಅಂತ ಹುಡುಕುವುದು ಹೇಗೆ? ಕೋಡ್‌ನ ಬದಲಾವಣೆಗಳ ದಾಖಲೆ ಇಡಲು 2005ರಲ್ಲಿ ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಕರ್ನಲ್‌ಗಾಗಿಯೇ ಬರೆದ ಗಿಟ್‌ನಲ್ಲಿ ಬೈಸೆಕ್ಟ್ ಅಂತ ಒಂದು ಕಮಾಂಡ್ ಇದೆ. ಸರಿ ಇದ್ದದ್ದು ಯಾವುದು, ಕೆಟ್ಟದ್ದು ಯಾವುದು ಹೇಳಿದರೆ ಸರಿಯಾಗಿ ಮಧ್ಯದ್ದನ್ನು ತೆಗೆದುಕೊಡುತ್ತದೆ. ಬಿಲ್ಡ್ ಮಾಡಿ, ಬೂಟ್ ಮಾಡಿ, ಗುಡ್ ಅಥವಾ ಬ್ಯಾಡ್ ಅಂದರೆ ಅರ್ಧ ಕಳೆಯಿತು. ಹೀಗೆ 14 ಸಲ ಮಾಡಿದರೆ 16,384 ಬದಲಾವಣೆ ಇದ್ದರೂ ಒಂದಕ್ಕೆ ಇಳಿಯುತ್ತದೆ.

ಪ್ರತಿ ಸಲ ಇಡೀ ಕರ್ನಲ್ ಕಟ್ಟುತ್ತಾ ಕೂತರೆ ಆಗದು. ಅದಕ್ಕೇ 'ಮೇಕ್ ಲೋಕಲ್‌ಮಾಡ್‌ಕಾನ್ಫಿಗ್' ಅನ್ನೋ ಕಮಾಂಡ್. ಈಗ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನಷ್ಟೇ (ಬೇಕಾದಾಗ ಕರ್ನಲ್‌ಗೆ ಸೇರುವ ಡ್ರೈವರ್‌ನಂಥ ತುಣುಕುಗಳು) ಉಳಿಸಿಕೊಂಡು ಉಳಿದವನ್ನು ಕೈಬಿಡುತ್ತದೆ, ಸಮಯ ತುಂಬಾ ಉಳಿಯುತ್ತದೆ. ಆದರೆ ಅದಕ್ಕೂ ಮುಂಚೆ ಪೆನ್‌ಡ್ರೈವ್, ವೆಬ್‌ಕ್ಯಾಮ್, ಬ್ಲೂಟೂತ್, ನೀವು ಬಳಸುವುದೆಲ್ಲ ಒಮ್ಮೆ ಚುಚ್ಚಿ, ಆನ್ ಮಾಡಿ ಇಡಿ. ಇಲ್ಲದಿದ್ದರೆ ಆ ಡ್ರೈವರ್‌ಗಳು ಹೊಸ ಕರ್ನಲ್‌ನಲ್ಲಿ ಇರುವುದೇ ಇಲ್ಲ.

ಉಬುಂಟುವಿನ ಕಾನ್ಫಿಗ್ ಫೈಲನ್ನೇ (ಕರ್ನಲ್‌ನಲ್ಲಿ ಏನೇನು ಇರಬೇಕು ಅನ್ನೋ ಪಟ್ಟಿ) ನಕಲು ಮಾಡಿಕೊಂಡಿದ್ದರೆ, ಉಬುಂಟು ಕಂಪನಿ ಕ್ಯಾನೊನಿಕಲ್‌ನ ಸರ್ಟಿಫಿಕೇಟ್ ಫೈಲ್ ಹುಡುಕುತ್ತಾ ಬಿಲ್ಡ್ ನಿಂತುಬಿಡುತ್ತದೆ. ಆ ಫೈಲ್‌ನಲ್ಲಿ 'ಸಿಸ್ಟಮ್ ಟ್ರಸ್ಟೆಡ್ ಕೀಸ್', 'ಸಿಸ್ಟಮ್ ರೆವೊಕೇಶನ್ ಕೀಸ್' ಎರಡನ್ನೂ ಖಾಲಿ ಬಿಡಿ. ನಂಬಿಕಸ್ಥ ಡಿಜಿಟಲ್ ಸಹಿ ಇರುವುದನ್ನಷ್ಟೇ ಬೂಟ್ ಆಗಲು ಬಿಡುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿ ಇಲ್ಲದ ನಿಮ್ಮ ಕರ್ನಲ್ ಏಳುವುದಿಲ್ಲ, ಅದನ್ನೂ ನೋಡಿಕೊಳ್ಳಿ.

ಕಂಪೈಲ್ ಮಾಡಲು ಸುಡೋ (ಅಡ್ಮಿನ್ ಅಧಿಕಾರ) ಬೇಕಿಲ್ಲ. 'ಮಾಡ್ಯೂಲ್ಸ್ ಇನ್‌ಸ್ಟಾಲ್', ಆಮೇಲೆ 'ಇನ್‌ಸ್ಟಾಲ್', ಈ ಎರಡಕ್ಕೆ ಮಾತ್ರ ಬೇಕು. ಕಾನ್ಫಿಗ್‌ನ 'ಲೋಕಲ್‌ವರ್ಷನ್'ನಲ್ಲಿ ನಿಮ್ಮದೊಂದು ಹೆಸರು ಕೊಡಿ, ಬೂಟ್ ಆಗುವಾಗ ಕರ್ನಲ್ ಆರಿಸಿಕೊಳ್ಳುವ ಗ್ರಬ್ ಮೆನುವಿನಲ್ಲಿ ಹಳೆಯದರ ಪಕ್ಕ ಹೊಸದು ಬೇರೆಯಾಗಿ ಕಾಣುತ್ತದೆ. ಹಳೆಯದನ್ನು ಮಾತ್ರ ದಯವಿಟ್ಟು ಅಳಿಸಬೇಡಿ. ಹೊಸದು ಏಳದಿದ್ದರೆ ವಾಪಸ್ ಬರಲು ಅದೇ ದಾರಿ.

ನನ್ನ ಟಚ್‌ಪ್ಯಾಡ್ ಕೆಡಿಸಿದ ಬದಲಾವಣೆ ಸಿಕ್ಕಿತು. ಬರೆದವರಿಗೆ ತಿಳಿಸಿದೆ, ಅವರು ಪುಟ್ಟ ಪ್ಯಾಚ್ (ಕೋಡ್‌ನ ತಿದ್ದುಪಡಿ) ಕಳಿಸಿದರು. ಅದು ಎಲ್ಲರ ಕರ್ನಲ್‌ಗೂ ಬಂದು ಸೇರುವವರೆಗೆ ನಾನು ಕೆಲಸ ಮಾಡಿದ್ದು ನಾನೇ ಕಟ್ಟಿದ ಕರ್ನಲ್‌ನಲ್ಲಿ.